ಒಣ ಹಾಸಿಗೆಗಳು

ಲಾಂಡ್ರಿ ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಆ ವೃದ್ಧಾಶ್ರಮದಲ್ಲಿ ಎಲ್ಲರೂ ಹೇಳುತ್ತಿದ್ದರು. ಹೇಳುವವರಿಗೇನು? ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಕೋಣೆ. ಒಂದೇ ಒಂದು ಒಗೆಯುವ ಯಂತ್ರ, ಅದೂ ಹಿಂಡುವ ಹೊತ್ತಿಗೆ ಗಡಗಡ ಕುಣಿಯುತ್ತ ಬಾಗಿಲ ತನಕ ಬಂದುಬಿಡುವಂಥದ್ದು. ಇಡೀ ಕಟ್ಟಡದ ಬೆಡ್‌ಶೀಟು, ಹೊದಿಕೆ, ದಿಂಬಿನ ಕವರು ಎಲ್ಲ ಅವಳ ತಲೆಗೇ. ಸೋಡಾಪುಡಿಗೆ ಬೆರಳ ಸಂದಿಯೆಲ್ಲ ಬಿರಿದುಕೊಂಡು ದಿನವಿಡೀ ನಿಲ್ಲುವವಳಿಗೆ ಕೋಪ ಬರದೆ ಇನ್ನೇನು ಬರಬೇಕು? ಅವಳೂ ಅರವತ್ತರ ಹತ್ತಿರ ಬಂದವಳು. ಮಂಡಿ ನೋವು ಎಂದರೆ ಮ್ಯಾನೇಜರು ವಯಸ್ಸಾಯ್ತಲ್ಲಮ್ಮ ಅನ್ನುತ್ತಿದ್ದರು. ಕೆಲಸ ಹೇಳುವಾಗ ಮಾತ್ರ ಆ ವಯಸ್ಸು ಅವರಿಗೆ ನೆನಪಾಗುತ್ತಿರಲಿಲ್ಲ.

ಹಿಂದೆ ಆ ಯಂತ್ರದ ಮುಂದೆ ಪ್ರತಿ ಬೆಳಿಗ್ಗೆ ಒದ್ದೆ ಬೆಡ್‌ಶೀಟುಗಳ ರಾಶಿ ಸೊಂಟದೆತ್ತರಕ್ಕೆ ಬೀಳುತ್ತಿತ್ತು. ವಯಸ್ಸಾದವರು ಹಾಸಿಗೆ ಒದ್ದೆ ಮಾಡಿಕೊಳ್ಳುವುದು ಅವರ ತಪ್ಪಲ್ಲ. ಮೂತ್ರಕೋಶ ಮೊದಲಿನ ಹಾಗೆ ತಡೆದುಕೊಳ್ಳುವುದಿಲ್ಲ, ಎದ್ದು ಹೋಗೋಣವೆಂದರೆ ಕಾಲು ಮಾತು ಕೇಳುವುದಿಲ್ಲ, ಕೂಗಿದರೆ ಬರಲು ಒಂದು ಮಹಡಿಗೆ ಒಬ್ಬಳೇ ಆಯಾ. ಇದೆಲ್ಲ ಅಕ್ಕನಿಗೂ ಗೊತ್ತಿತ್ತು. ಆದರೆ ಅವಳ ಕೈಯೂ ಕೈಯೇ ಅಲ್ಲವೇ? ಒಂದು ದಿನ ಪಿತ್ತ ನೆತ್ತಿಗೇರಿ, ಒದ್ದೆ ಬೆಡ್‌ಶೀಟೊಂದನ್ನು ಹೆಗಲ ಮೇಲೆ ಹಾಕಿಕೊಂಡು ಸೀದಾ ಮ್ಯಾನೇಜರ ಕೋಣೆಗೆ ನುಗ್ಗಿ, ಅವರ ಮೇಜಿನ ಮೇಲೆಯೇ ಹರಡಿಬಿಟ್ಟಳು. ಇನ್ನೊಂದು ಯಂತ್ರ ತರಿಸಿ, ಇಲ್ಲ ಇನ್ನೊಂದು ಆಳು ಕೊಡಿ, ಎರಡೂ ಆಗದಿದ್ದರೆ ನೀವೇ ಬಂದು ಒಗೆಯಿರಿ ಎಂದು ಕಡ್ಡಿ ಮುರಿದ ಹಾಗೆ ಹೇಳಿ ಬಂದಳು. ಮ್ಯಾನೇಜರು ಮೂಗು ಮುಚ್ಚಿಕೊಂಡು, ಏನಾದರೂ ವ್ಯವಸ್ಥೆ ಮಾಡುತ್ತೇನೆ ಅಂದರು.

ಯಂತ್ರ ಬರಲಿಲ್ಲ, ಆಳೂ ಬರಲಿಲ್ಲ. ಆದರೆ ತಿಂಗಳು ತುಂಬುವುದರೊಳಗೆ ರಾಶಿ ಅರ್ಧಕ್ಕೆ ಇಳಿಯಿತು. ಆಯಾಗಳಿಗೆ ಚುರುಕು ಮುಟ್ಟಿಸಿದ್ದಾರೆ, ಹೊತ್ತಿಗೆ ಸರಿಯಾಗಿ ಎಬ್ಬಿಸಿ ಕರೆದುಕೊಂಡು ಹೋಗುತ್ತಿದ್ದಾರೆ ಎಂದುಕೊಂಡಳು ಅಕ್ಕ. ಮನೆಯಲ್ಲಿ ಗಂಡ, ಗೋದಾಮಿನಲ್ಲಿ ಮೂಟೆ ಹೊತ್ತು ಬೆನ್ನು ಕಳೆದುಕೊಂಡು ಕೂತವನು, ದಿನಾ ಸಂಜೆ ತರಕಾರಿ ಹೆಚ್ಚುತ್ತ, ಇವತ್ತು ಯಾರ ಗ್ರಹಚಾರ ಬಿಡಿಸಿ ಬಂದೆ ಎಂದು ಕೇಳುವುದು ರೂಢಿ. ಬಾಯಿ ಇದ್ದದ್ದಕ್ಕೆ ಬದುಕಿದೆ ಎಂದು ಅವನ ಮುಂದೆ ಎಷ್ಟೋ ಸಲ ಬೀಗಿದ್ದಳು.

ಟೀಚರಮ್ಮ ಆಶ್ರಮಕ್ಕೆ ಬಂದದ್ದು ಆಮೇಲೆ. ಮದುವೆಯಾಗದೆ ತಮ್ಮ ಒಡಹುಟ್ಟಿದವಳ ಜೊತೆಗಿದ್ದವರು, ಅವಳು ತೀರಿಕೊಂಡ ಮೇಲೆ ಒಂದು ಪೆಟ್ಟಿಗೆ ಹಿಡಿದು ತಾವೇ ನಡೆದು ಬಂದರು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವರು. ತಮ್ಮ ರವಿಕೆಯ ಇಸ್ತ್ರಿ ಇನ್ನೊಬ್ಬರ ಕೈಲಿ ಸರಿಹೋಗುವುದಿಲ್ಲ ಎಂದು ಬೆಳಗಿನ ಹೊತ್ತು ಗೋಡೆ ಹಿಡಿದುಕೊಂಡು ನೆಲಮಾಳಿಗೆಗೆ ಇಳಿದು ಬರುತ್ತಿದ್ದರು. ಮೊದಮೊದಲು ಅಕ್ಕ ಮುಖ ಗಂಟಿಕ್ಕಿಕೊಂಡಳು. ಆಮೇಲೆ ಅವರು ಬರುವುದು ತಡವಾದರೆ ಮೆಟ್ಟಿಲ ಕಡೆ ನೋಡುವ ಹಾಗಾಯಿತು.

ಮನುಷ್ಯ ಯಾಕೆ ಮುದಿಯಾಗುತ್ತಾನೆ ಎಂದು ಒಂದು ದಿನ ಅಕ್ಕ ಕೇಳಿದಳು, ಕೇಳಿದ್ದೇ ತಡ ಅಲ್ಲೇ ಪಾಠ ಶುರುವಾಯಿತು. ಬಳಸಿ ಬಳಸಿ ಮೈ ಸವೆಯುತ್ತದೆ ಎಂದು ಕೆಲವರು ಹೇಳುತ್ತಾರಂತೆ. ಜೀವಕೋಶ ಒಡೆದು ಎರಡಾಗುವುದಕ್ಕೂ ಒಂದು ಮಿತಿ ಇದೆ, ಒಳಗಿನ ಎಳೆಗಳ ತುದಿ ಪ್ರತಿ ಸಲ ಒಂದಿಷ್ಟು ಮೋಟಾಗುತ್ತ ಹೋಗುತ್ತದೆ ಎಂದು ಇನ್ನು ಕೆಲವರು. ಮಕ್ಕಳು ಹುಟ್ಟಿ ದೊಡ್ಡವರಾಗುವ ತನಕ ಮೈ ಚೆನ್ನಾಗಿದ್ದರೆ ಸಾಕು, ಆಮೇಲಿನ ರಿಪೇರಿಗೆ ಖರ್ಚು ಮಾಡಲು ಪ್ರಕೃತಿಗೆ ಮನಸ್ಸಿಲ್ಲ ಎಂಬುದು ಮತ್ತೊಂದು ವಾದ.

"ಹಾಗಾದ್ರೆ ಪ್ರಕೃತಿನೂ ನಮ್ಮ ಮ್ಯಾನೇಜರ್ ಥರಾನೇ ಅನ್ನಿ," ಎಂದಳು ಅಕ್ಕ. ಟೀಚರಮ್ಮ ಕನ್ನಡಕ ಜಾರುವಷ್ಟು ನಕ್ಕರು.

ನಕ್ಕು ಮುಗಿಸಿ ಇನ್ನೊಂದು ಮಾತು ಹೇಳಿದರು. ಕಣ್ಣಿನ ಮಸೂರ ಗಟ್ಟಿಯಾಗುವುದು, ಮೂಳೆ ಟೊಳ್ಳಾಗುವುದು, ಚರ್ಮ ತೆಳುವಾಗುವುದು, ಇವೆಲ್ಲ ವಯಸ್ಸಿನವೇ. ಆದರೆ ಯಾವ ಕಾಯಿಲೆ ಬಂದರೂ ವಯಸ್ಸಿನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುತ್ತಾರಲ್ಲ, ಅದನ್ನು ಕಂಡರೆ ಮೈ ಉರಿಯುತ್ತದೆ ಅಂದರು. ಅಕ್ಕನಿಗೆ ತನ್ನ ಮಂಡಿ ನೆನಪಾಗಿ, ಮೈ ಉರಿಯುವ ಇನ್ನೊಬ್ಬರು ಸಿಕ್ಕರಲ್ಲ ಎಂದು ಸಮಾಧಾನವಾಯಿತು.

ಬೇಸಿಗೆ ಬಂತು. ಟೀಚರಮ್ಮ ಕೆಳಗೆ ಬರುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಒಂದು ವಾರ ನೋಡಿ ಅಕ್ಕ ಸಂಜೆ ಕೆಲಸ ಮುಗಿಸಿ ತಾನೇ ಮೇಲೆ ಹೋದಳು. ಟೀಚರಮ್ಮ ಮಂಚದ ಅಂಚಿನಲ್ಲಿ ಕೂತು, ಗಂಟೆ ಹೊಡೆಯಿತು, ಮಕ್ಕಳು ಕಾಯುತ್ತಿದ್ದಾರೆ, ಚಪ್ಪಲಿ ಎಲ್ಲಿ ಎಂದು ಹುಡುಕುತ್ತಿದ್ದರು. ಅಕ್ಕನನ್ನು ನೋಡಿ, ಹಾಜರಿ ಹಾಕಿದ ಮೇಲೆ ಬಂದಿದ್ದೀಯಲ್ಲ, ಹೊರಗೆ ನಿಂತುಕೋ ಎಂದು ಗದರಿದರು. ತುಟಿ ಸಿಪ್ಪೆ ಎದ್ದಿತ್ತು. ನಾಲಿಗೆ ಒಣಗಿ ಮಾತು ಅಂಟಂಟಾಗಿ ಬರುತ್ತಿತ್ತು.

ಅರಳುಮರಳು ಶುರುವಾಗಿದೆ, ಹೋದ ವಾರವೇ ಡಾಕ್ಟರು ಹಾಗೆಂದರು, ಈ ಶುಕ್ರವಾರ ಬಂದು ನೋಡಿ ಮೇಲಕ್ಕೆ ಕಳಿಸುತ್ತಾರೆ ಎಂದಳು ಆಯಾ. ಮೇಲೆ ಎಂದರೆ ಕೊನೆಯ ಮಹಡಿ. ಅದರ ಬಾಗಿಲಿಗೆ ಹೊರಗಿನಿಂದ ಬೀಗ. ಅಲ್ಲಿಗೆ ಹೋದ ಬೆಡ್‌ಶೀಟುಗಳು ಕೆಳಗೆ ಬರುತ್ತಿದ್ದವೇ ಹೊರತು, ಹೋದ ಮನುಷ್ಯರು ಒಬ್ಬರೂ ಇಳಿದು ಬಂದದ್ದನ್ನು ಅಕ್ಕ ನೋಡಿರಲಿಲ್ಲ.

ಮೊದಲು ಒಂದು ಲೋಟ ನೀರು ಕೊಡು ಎಂದಳು ಅಕ್ಕ. ಆಯಾ ಬಾಗಿಲ ಕಡೆ ನೋಡಿ, ನಾಲ್ಕು ಗಂಟೆ ಆದಮೇಲೆ ಯಾರಿಗೂ ನೀರು ಕೊಡುವ ಹಾಗಿಲ್ಲ, ಮಾತ್ರೆ ನುಂಗಲು ಒಂದು ಗುಟುಕು ಅಷ್ಟೆ ಎಂದಳು. ಇದು ಯಾವ ಸೀಮೆ ಕಾನೂನು, ಯಾರು ಮಾಡಿದ್ದು ಎಂದು ಅಕ್ಕ ಗಂಟಲೇರಿಸಿದಳು.

ಆಯಾಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನಿಮ್ಮಿಂದಾನೇ ಅಲ್ವಾ ಅಕ್ಕ? ಬೆಡ್‌ಶೀಟ್ ಜಾಸ್ತಿ ಅಂತ ನೀವು ಗಲಾಟೆ ಮಾಡಿದ್ರಲ್ಲ, ಅವತ್ತಿಂದ."

ಅಕ್ಕನಿಗೆ ಅರ್ಧಕ್ಕಿಳಿದ ಆ ರಾಶಿ ನೆನಪಾಯಿತು. ಇಷ್ಟು ವರ್ಷ ಗೆದ್ದೆ ಎಂದು ಬೀಗಿದ್ದು ಇದಕ್ಕಾ! ತನ್ನ ಕೈ ಬಿರಿಯದಿರಲಿ ಎಂದು ಈ ಮುದುಕರ ಬಾಯಿ ಒಣಗಿಸಿದ್ದರು. ನಾಚಿಕೆಯಿಂದ ಮುಖ ಬಿಸಿಯಾಯಿತು. ಆದರೆ ಅವಳ ಸ್ವಭಾವದಲ್ಲಿ ನಾಚಿಕೆ ತುಂಬ ಹೊತ್ತು ನಾಚಿಕೆಯಾಗಿ ಉಳಿಯುವುದಿಲ್ಲ. ದಡದಡ ಮೆಟ್ಟಿಲಿಳಿದು ಮ್ಯಾನೇಜರ ಮುಂದೆ ನಿಂತಳು.

ಮ್ಯಾನೇಜರು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದರು. ನಿನಗೆ ಅನುಕೂಲವಾಗಲಿ ಎಂದೇ ಮಾಡಿದ್ದು, ಈಗ ನೀನೇ ಬಂದು ಕೂಗಾಡಿದರೆ ಹೇಗೆ ಅಂದರು. ಒದ್ದೆಯಲ್ಲಿ ಮಲಗಿ ಮೈ ಹುಣ್ಣಾಗುವುದಕ್ಕಿಂತ ಇದು ವಾಸಿಯಲ್ಲವೇ ಎಂದು ಅವಳನ್ನೇ ಕೇಳಿದರು. ಕೊನೆಗೆ, "ನೋಡಮ್ಮ, ಬಾಯಾರಿಕೆ ಆದ್ರೆ ಅವರೇ ಕೇಳಲ್ವಾ? ಒಬ್ಬರಾದ್ರೂ ನೀರು ಬೇಕು ಅಂತ ಕೇಳಿದ್ದಾರಾ ಹೇಳು," ಎಂದರು. ಇದನ್ನು ಟೀಚರಮ್ಮನನ್ನೇ ಕೇಳಬೇಕು ಎಂದುಕೊಂಡಳು ಅಕ್ಕ. ಹಲ್ಲು ಕಚ್ಚಿಕೊಂಡು ಹೊರಗೆ ಬಂದಳು.

ಮಾರನೆಯ ಬೆಳಿಗ್ಗೆ ತಿಂಡಿಯ ಜೊತೆ ಕುಡಿದದ್ದರಿಂದಲೋ ಏನೋ ಟೀಚರಮ್ಮ ಸ್ವಲ್ಪ ತಿಳಿಯಾಗಿದ್ದರು, ಅಕ್ಕನನ್ನು ಗುರುತು ಹಿಡಿದರು. ಸಂಜೆ ಬಾಯಾರಿಕೆ ಆಗುವುದಿಲ್ಲವೇ ಎಂದು ಅಕ್ಕ ಕೇಳಿದಳು. ಇಲ್ಲವಲ್ಲ ಎಂದರು ಅವರು. ನೀರು ಎಷ್ಟು ಗಂಟೆಗೆ ನಿಲ್ಲಿಸುತ್ತಾರೆ ಗೊತ್ತೇ ಎಂದು ಕೇಳಿದರೆ ಅದೂ ಗಮನಕ್ಕೆ ಬಂದಿರಲಿಲ್ಲ. ಬೇಕು ಅನ್ನಿಸಿದವರಿಗೆ ತಾನೇ ಇಲ್ಲ ಎಂಬುದು ಗೊತ್ತಾಗುವುದು! ಅಕ್ಕ ಕಾನೂನಿನ ಕಥೆಯನ್ನೆಲ್ಲ ಹೇಳಿದಳು, ತನ್ನ ಜಗಳವನ್ನೂ ಮುಚ್ಚಿಡಲಿಲ್ಲ.

ಟೀಚರಮ್ಮ ತಮ್ಮ ಮುಂಗೈ ಮೇಲಿನ ಚರ್ಮವನ್ನು ಚಿವುಟಿ ಎತ್ತಿದರು. ಅದು ಗುಡ್ಡೆಯಾಗಿ ಹಾಗೇ ನಿಂತಿತು. "ವಯಸ್ಸಾದ ಹಾಗೆ ಬಾಯಾರಿಕೆ ಮಂದ ಆಗುತ್ತಮ್ಮ. ಮೈಯಲ್ಲಿ ನೀರು ಕಡಿಮೆ ಆಗಿದ್ರೂ ತಲೆಗೆ ಸುದ್ದಿ ಮುಟ್ಟಲ್ಲ. ಕಿಡ್ನಿಗೂ ನೀರು ಹಿಡಿದಿಟ್ಟುಕೊಳ್ಳೋ ಶಕ್ತಿ ಇರಲ್ಲ," ಎಂದರು. ಚಿವುಟಿದ ಚರ್ಮವನ್ನು ಸವರುತ್ತ, "ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟೆ. ನನಗೇ ಆದಾಗ ನಾನೂ ವಯಸ್ಸು ಅಂದುಕೊಂಡೆ ನೋಡು," ಎಂದರು. ಬರೀ ತೇವ ಕಡಿಮೆಯಾದರೂ ಮುದಿ ತಲೆ ದಿಕ್ಕು ತಪ್ಪುತ್ತದೆ, ಅದನ್ನು ಅರಳುಮರಳು ಎಂದುಕೊಳ್ಳುವುದು ಸುಲಭ ಎಂದೂ ಹೇಳಿದರು. ಶುಕ್ರವಾರದ ಮಾತು ಅವರ ಕಿವಿಗೂ ಬಿದ್ದಿತ್ತು. ಬೀಗ ಹಾಕಿದ ಬಾಗಿಲ ಒಳಗೆ ನಾನು ಬದುಕುವುದಿಲ್ಲ ಅಂದರು, ಅಷ್ಟೇ.

ಅಂದು ಸಂಜೆಯಿಂದ ಒಗೆದ ಬಟ್ಟೆಯ ತಳ್ಳುಗಾಡಿಯಲ್ಲಿ, ಟವೆಲ್ಲುಗಳ ಕೆಳಗೆ, ನೀರಿನ ಬಾಟಲಿ ಮೇಲೆ ಹೋಗತೊಡಗಿತು. ಆಯಾ ನೋಡಿದರೂ ನೋಡದ ಹಾಗೆ ಇದ್ದಳು, ಪುಣ್ಯಾತ್ಗಿತ್ತಿ. ಗುಟುಕು ಗುಟುಕಾಗಿ ಕುಡಿಸಿ ಅಕ್ಕ ಮನೆಗೆ ಹೋಗುತ್ತಿದ್ದಳು. ಗಂಡನ ಗ್ರಹಚಾರದ ಪ್ರಶ್ನೆಗೆ, ನನ್ನದೇ ಎಂದು ಉತ್ತರ ಕೊಟ್ಟಳು. ಅವನು ಈಳಿಗೆ ಬದಿಗಿಟ್ಟು ಪೂರ್ತಿ ಕೇಳಿಸಿಕೊಂಡ. ಕೇಳಿ, ಹಾಗಿದ್ದರೆ ನೀನೇ ಸರಿಮಾಡು ಎಂದ.

ಬುಧವಾರ ಸಂಜೆ ಟೀಚರಮ್ಮ ಲೋಟವನ್ನು ದೂರ ತಳ್ಳಿದರು. ಹಿಂದಿನ ರಾತ್ರಿ ಹಾಸಿಗೆ ಒದ್ದೆಯಾಗಿತ್ತು. ಸಾಲಾಗಿ ಕೂತ ಮಕ್ಕಳ ಮುಂದೆ ಮಡಿಸಿದ ಸೀರೆಯ ನೆರಿಗೆ ಕದಲದ ಹಾಗೆ ನಿಂತು ಪಾಠ ಹೇಳಿದ ಹೆಂಗಸಿಗೆ, ಬೆಳಿಗ್ಗೆ ಆಯಾ ಬಂದು ಬೆಡ್‌ಶೀಟು ಎಳೆಯುವಾಗ ಗೋಡೆ ಕಡೆ ತಿರುಗಿ ಕೂರಬೇಕಾಗಿ ಬಂದಿತ್ತು. ನಿನ್ನ ಕೈಲಿ ಅದನ್ನು ಒಗೆಸಿಕೊಂಡು ಬದುಕುವುದು ಬೇಡ, ಮೇಲೆ ಕಳಿಸುವುದಾದರೆ ಕಳಿಸಲಿ ಎಂದು ಕಣ್ಣು ಮುಚ್ಚಿಕೊಂಡರು.

ಅಕ್ಕನಿಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. "ಬೆಡ್‌ಶೀಟ್ ಒದ್ದೆ ಆದ್ರೆ ನನಗೆ ಒಂದು ಗಂಟೆ ಕೆಲಸ ಟೀಚರಮ್ಮ. ನಿಮ್ಮ ತಲೆ ಒಣಗಿ ಹೋದ್ರೆ ನಾನು ಅದನ್ನ ಯಾವ ಸೋಪು ಹಾಕಿ ಸರಿ ಮಾಡ್ಲಿ? ಸುಮ್ಮನೆ ಕುಡೀರಿ."

ಟೀಚರಮ್ಮ ಕಣ್ಣು ಬಿಟ್ಟು ಅವಳನ್ನು ನೋಡಿದರು. ಆಮೇಲೆ ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದರು.

ಶುಕ್ರವಾರ ಡಾಕ್ಟರು ಮ್ಯಾನೇಜರ ಜೊತೆ ಬಂದಾಗ ಅಕ್ಕ ದಿಂಬಿನ ಕವರು ಬದಲಿಸುವ ನೆಪದಲ್ಲಿ ಕೋಣೆಯಲ್ಲೇ ನಿಂತಳು. ಇವತ್ತು ಯಾವ ವಾರ, ಇದು ಯಾವ ತಿಂಗಳು, ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದು ಡಾಕ್ಟರು ಕೇಳಿದರು. ಟೀಚರಮ್ಮ ಕಳೆಯುತ್ತ ಕಳೆಯುತ್ತ ಡಾಕ್ಟರು ಸಾಕು ಅನ್ನುವ ತನಕ ಹೋದರು. ಹೋದ ಸಲ ಬಂದಾಗ ನನ್ನ ನಾಲಿಗೆ ನೋಡಿದಿರಾ ಎಂದು ತಿರುಗಿ ಕೇಳಿದರು. ನಡೆದದ್ದೆಲ್ಲ ಅಲ್ಲೇ ಹೊರಬಿತ್ತು. ನೀರು ಕಡಿಮೆಯಾದರೆ ವಯಸ್ಸಾದವರಿಗೆ ಹೀಗೆ ಗೊಂದಲವಾಗುತ್ತದೆ, ಅದೇನು ಹೊಸ ವಿಷಯವಲ್ಲ, ಎಲ್ಲರಿಗೂ ಗೊತ್ತಿರುವುದೇ ಎಂದರು ಡಾಕ್ಟರು. ಆ ಮಾತು ಕೇಳಿ ಅಕ್ಕನ ರಕ್ತ ಕುದಿಯಿತು. ಗೊತ್ತಿಲ್ಲದೆ ಮಾಡಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಎಲ್ಲರಿಗೂ ಗೊತ್ತಿದ್ದು, ಒಬ್ಬರೂ ಒಂದು ಲೋಟ ಎತ್ತಿಕೊಟ್ಟಿರಲಿಲ್ಲ.

ಮ್ಯಾನೇಜರು ಉದಾರ ಮನಸ್ಸು ಮಾಡಿ, ಇವರೊಬ್ಬರಿಗೆ ಸಂಜೆಯೂ ನೀರು ಕೊಡೋಣ ಎಂದರು. ನನಗೊಬ್ಬಳಿಗೆ ಬೇಡ ಎಂದರು ಟೀಚರಮ್ಮ. ಎಲ್ಲರಿಗೂ ಕೊಟ್ಟರೆ ಒಗೆಯುವವರು ಯಾರು ಎಂದು ಮ್ಯಾನೇಜರು ಅಕ್ಕನ ಕಡೆ ತಿರುಗಿದರು.

"ನಾನೇ ಒಗೀತೀನಿ," ಎಂದಳು ಅಕ್ಕ. "ಆಗದೇ ಇದ್ದ ದಿನ ತಂದು ನಿಮ್ಮ ಮೇಜಿನ ಮೇಲೆ ಹಾಕ್ತೀನಿ." ಆಮೇಲೆ ಡಾಕ್ಟರನ್ನು ಕೇಳಿದಳು, "ಮೇಲೆ ಕಳಿಸಿದೀರಲ್ಲ, ಅವರಿಗೆಲ್ಲ ಮೊದಲು ನೀರು ಕುಡಿಸಿ ನೋಡಿದ್ರಾ ಸಾರ್?" ಡಾಕ್ಟರು ಚೀಲದ ಜಿಪ್ಪು ಎಳೆದರು. ಕುಡಿಸಿ ನೋಡಬಹುದು, ತೊಂದರೆಯೇನಿಲ್ಲ ಎಂದು ಬಾಗಿಲ ಕಡೆ ನಡೆದರು.

ಅಂದಿನಿಂದ ನಾಲ್ಕು ಗಂಟೆಯ ಕಾನೂನು ಹೋಯಿತು, ಅಕ್ಕ ಕೊನೆಯ ಮಹಡಿಗೂ ಹೋಗತೊಡಗಿದಳು. ಬೀಗ ತೆಗೆದರೆ ಉದ್ದನೆಯ ಕೋಣೆ, ಎರಡು ಕಡೆ ಮಂಚ, ಮಂಚಗಳ ಮೇಲೆ ಸುಮ್ಮನೆ ಕೂತವರು. ಒಂದು ಹಾಸಿಗೆಯೂ ಒದ್ದೆ ಇರಲಿಲ್ಲ. ಸುಳ್ಳು ಹೇಳಿ ಏನು ಪ್ರಯೋಜನ, ನೀರು ಕುಡಿಸಿದ್ದಕ್ಕೆ ಎಲ್ಲರ ತಲೆಯೂ ತಿಳಿಯಾಗಲಿಲ್ಲ. ಹೆಚ್ಚಿನವರ ಕಾಯಿಲೆ ನಿಜವಾದ ಕಾಯಿಲೆಯೇ. ಕುಡಿದರು, ಮತ್ತೆ ಗೋಡೆ ನೋಡಿದರು. ಆದರೂ ತುಟಿ ಒದ್ದೆಯಾಯಿತಲ್ಲ ಎಂದು ಅಕ್ಕ ದಿನಾ ಹೋದಳು. ಕೆಳಗೆ ರಾಶಿ ಮತ್ತೆ ಸೊಂಟಕ್ಕೆ ಬಂತು, ಕೈ ಮತ್ತೆ ಬಿರಿಯಿತು, ಮ್ಯಾನೇಜರ ಮೇಜೂ ಒಂದೆರಡು ಸಲ ಒದ್ದೆಯಾಯಿತು.

ಕಿಟಕಿ ಪಕ್ಕದ ಮಂಚದಲ್ಲಿ ಒಬ್ಬ ಹೆಂಗಸು ಇದ್ದರು, ಹಿಂದೆ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದವರು. ಒಂದು ವಾರ ನೀರು ಕುಡಿದ ಮೇಲೆ ಒಂದು ಸಂಜೆ ಅವರು ಅಕ್ಕನ ಮುಖವನ್ನೇ ನೋಡಿ, ನೀವು ಯಾರಮ್ಮ ಎಂದು ಕೇಳಿದರು. ಅಕ್ಕ ಹೇಳಿದಳು. ಇದು ಯಾವ ಜಾಗ ಎಂದು ಕೇಳಿದರು. ಅದನ್ನೂ ಹೇಳಿದಳು. ಸ್ವಲ್ಪ ಜ್ವರ ಬಂದಿತ್ತು, ನಿನ್ನೆಯೋ ಮೊನ್ನೆಯೋ ಇಲ್ಲಿ ಮಲಗಿಸಿರಬೇಕು, ಮಗಳು ಇವತ್ತು ಬರುತ್ತಾಳಲ್ಲ ಎಂದರು.

ಅಕ್ಕ ಬಾಗಿಲಲ್ಲಿದ್ದ ಆ ಮಹಡಿಯ ಆಯಾಳ ಮುಖ ನೋಡಿದಳು. ಆಯಾ ತಲೆ ತಗ್ಗಿಸಿ, ಏಳು ತಿಂಗಳಾಯಿತು ಎಂದಳು. ಅಮ್ಮನಿಗೆ ಗುರುತು ಸಿಗುವುದಿಲ್ಲ, ಬಂದರೆ ಇಬ್ಬರಿಗೂ ಸಂಕಟ ಎಂದು ಮಗಳು ಬರುವುದು ಬಿಟ್ಟು ಬಹಳ ದಿನವಾಗಿತ್ತು.

ಆ ತಾಯಿ ಲೋಟವನ್ನು ತೊಡೆಯ ಮೇಲೆ ಇಟ್ಟುಕೊಂಡು ಮೆಲ್ಲಗೆ ಕೇಳಿದರು. "ಏಳು ತಿಂಗಳು ನಾನು ಎಲ್ಲಿದ್ದೆ?"

ಇಡೀ ಕಟ್ಟಡದಲ್ಲಿ ಯಾರ ಮಾತಿಗೂ ಉತ್ತರ ಬಾಕಿ ಉಳಿಸಿಕೊಳ್ಳದವಳು ಲಾಂಡ್ರಿ ಅಕ್ಕ. ಬಿರಿದ ಕೈಯಲ್ಲಿ ನೀರಿನ ಜಗ್ಗು ಹಿಡಿದುಕೊಂಡು ಅವರ ತೊಡೆಯ ಮೇಲಿನ ಲೋಟಕ್ಕೆ ಇನ್ನಷ್ಟು ನೀರು ಬಗ್ಗಿಸಿದಳು.