ಓಯ್ ಎನ್ನುತ್ತಿದ್ದ ಡಬ್ಬಿ

ಮೊನ್ನೆ ಮನೆಗೆ ಸುಣ್ಣ ಹೊಡೆಸಬೇಕೆಂದು ಬೀರು ಖಾಲಿ ಮಾಡುತ್ತಿದ್ದಾಗ ಮೇಲಿನ ಖಾನೆಯಲ್ಲಿ, ಹಳೆಯ ಸ್ವೆಟರುಗಳ ಹಿಂದೆ, ಅಂಗೈಯಗಲದ ಒಂದು ಕರಿಯ ರೆಕ್ಸಿನ್ ಚೀಲ ಸಿಕ್ಕಿತು. ಜಿಪ್ಪು ಎಳೆದೆ. ಕಮಟು ಹಿಡಿದ ಕೊಬ್ಬರಿಯ ವಾಸನೆ ಮೂಗಿಗೆ ಬಡಿಯಿತು. ನೀವು ತಿಪಟೂರಿನ ಕಡೆಯವರಾದರೆ ಆ ವಾಸನೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಅಲ್ಲದಿದ್ದರೆ, ಮುಚ್ಚಿಟ್ಟ ಎಣ್ಣೆ ಬಾಟಲಿಯ ಬಿರಡೆಯನ್ನು ವರ್ಷಗಟ್ಟಲೆ ಬಿಟ್ಟು ತೆಗೆದಿರೆಂದು ಭಾವಿಸಿಕೊಳ್ಳಿ. ಒಳಗಿನಿಂದ ಹೆಂಡತಿ, ರೀ, ಆಯ್ತೇನ್ರೀ, ಎಂದು ಕೂಗಿದಳು. ಏನೇ ಅದು ಅವಸರ ಎಂದು ನಾನೂ ಕೂಗಿ, ಸುತ್ತ ಹರಡಿದ್ದ ಬಟ್ಟೆಗಳ ನಡುವೆ ನೆಲದ ಮೇಲೆಯೇ ಕುಳಿತೆ.

ಚೀಲದಲ್ಲಿದ್ದದ್ದು ಒಂದು ಕೈಗಂಪ್ಯೂಟರು. ಈಗಿನ ಮಕ್ಕಳಿಗೆ ತೋರಿಸಿದರೆ ಕ್ಯಾಲ್ಕುಲೇಟರ್ ಎಂದುಕೊಂಡಾವು. ಆ ಕಾಲದಲ್ಲಿ ನಾನು ಔಷಧಿ ಕಂಪನಿಯೊಂದರ ರೆಪ್ ಆಗಿದ್ದೆ. ಮೊಪೆಡ್ಡಿನ ಮೇಲೆ ಟೈ ಕಟ್ಟಿಕೊಂಡು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತುತ್ತಿದ್ದೆ. ಗಾಳಿಗೆ ಟೈ ಮುಖದ ಮೇಲೆ ಹಾರಿ, ಕೆರೆ ಏರಿಯ ಮೇಲೆ ಒಂದೆರಡು ಸಲ ಹಳ್ಳಕ್ಕೂ ಇಳಿದಿದ್ದೇನೆ. ಯಾವ ಡಾಕ್ಟರನ್ನು ಕಂಡೆ, ಯಾವ ಮಾತ್ರೆ ಕೊಟ್ಟೆ ಎಂದು ಬರೆದುಕೊಳ್ಳಲು ಕಂಪನಿಯವರು ಈ ಯಂತ್ರ ಕೊಟ್ಟಿದ್ದರು. ಡಾಕ್ಟರುಗಳು ನನ್ನ ಮಾತ್ರೆಗಿಂತ ಇದನ್ನೇ ಹೆಚ್ಚು ಆಸೆಯಿಂದ ನೋಡುತ್ತಿದ್ದರು. ಮುಂದೆ ಹೊಸ ಮಾದರಿ ಬಂದಾಗ, ಆಫೀಸಿನ ಕಂಪ್ಯೂಟರಿಗೆ ಸೇರಿಸುವ ತಂತಿಯನ್ನು ಮಾತ್ರ ವಾಪಸ್ಸು ಪಡೆದು ಹಳೆಯ ಯಂತ್ರವನ್ನು ನಮಗೇ ಬಿಟ್ಟರು. ಅದಕ್ಕೆ ಎರಡು ಗುಣಗಳಿದ್ದವು. ಒಂದು, ಮಾತನ್ನು ಹಿಡಿದಿಟ್ಟುಕೊಂಡು ಗುಂಡಿ ಒತ್ತಿದರೆ ತಿರುಗಿ ಹೇಳುತ್ತಿತ್ತು. ಇನ್ನೊಂದು, ಸೆಲ್ಲು ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಎಲ್ಲವನ್ನೂ ಮರೆತುಬಿಡುತ್ತಿತ್ತು. ನಾನು ಈಗ ಹೇಳಹೊರಟಿರುವುದೆಲ್ಲ ಈ ಎರಡು ಗುಣಗಳ ಕತೆಯೇ.

ನನ್ನ ಸೋದರಮಾವ ಶಿವಣ್ಣನಿಗೆ ನೊಣವಿನಕೆರೆಯ ಆಚೆ ತೆಂಗಿನ ತೋಟವಿತ್ತು. ತೋಟಕ್ಕಿಂತ ದೊಡ್ಡದು ಅವನ ದನಿ. ತೋಟದ ಕೊನೆಯ ಬದುವಿನಲ್ಲಿ ನಿಂತು ಅವನು 'ಓಯ್' ಎಂದರೆ ಮನೆಯ ಹಿತ್ತಲಿನಲ್ಲಿ ಅತ್ತೆ 'ಬಂದೆ' ಎನ್ನುತ್ತಿದ್ದಳು. ಅದು ಅವನು ಹೆಂಡತಿಯನ್ನು ಕರೆಯುವ ರೀತಿ. ನಮ್ಮ ಕಡೆ ಆ ವಯಸ್ಸಿನವರಲ್ಲಿ ಗಂಡ ಹೆಂಡತಿಯ ಹೆಸರು ಹಿಡಿದು ಕೂಗುವುದು ವಾಡಿಕೆಯಲ್ಲ. ಹೆಂಡತಿ ಗಂಡನ ಹೆಸರೆತ್ತುವುದಂತೂ ದೂರದ ಮಾತು. ಅತ್ತೆಯ ಹೆಸರು ಪುಟ್ಟಮ್ಮ. ಅದು ಇದ್ದದ್ದು ರೇಷನ್ ಕಾರ್ಡಿನಲ್ಲಿ ಮತ್ತು ಅವಳ ತವರಿನವರ ಬಾಯಲ್ಲಿ. ಮಾವನ ಬಾಯಲ್ಲಿ ಅವಳು ಮದುವೆಯಾದ ದಿನದಿಂದ ಓಯ್. ಆ ಕೂಗಿಗೆ ಅತ್ತೆಯ ಜೊತೆಗೆ ಕೊಟ್ಟಿಗೆಯ ಹಸುಗಳೂ ಕತ್ತು ತಿರುಗಿಸುತ್ತಿದ್ದವು. ಪಕ್ಕದ ತೋಟದ ಹೆಂಗಸೊಬ್ಬಳು ತನ್ನ ಗಂಡನೇ ಕರೆದನೆಂದು ಬುತ್ತಿ ಹಿಡಿದು ಬಂದಿದ್ದೂ ಉಂಟಂತೆ.

ಅಂಥ ಗಂಟಲಿಗೆ ರೋಗ ಬಂತು. ಬೀಡಿಯೋ ಹಣೆಬರಹವೋ, ಕೇಳಿ ಪ್ರಯೋಜನವಿರಲಿಲ್ಲ. ಬೆಂಗಳೂರಿನ ದೊಡ್ಡ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಕತ್ತಿನಲ್ಲಿ ತೂತು ಮಾಡುತ್ತೇವೆ, ಉಸಿರಾಟ ಅಲ್ಲಿಂದಲೇ ಎಂದರು. ಮಾವ ಕೇಳಿದ್ದು ಒಂದೇ ಮಾತು: ಜೀವ ಉಳಿಯುತ್ತದೆಯೇ? ಉಳಿಯುತ್ತದೆ ಎಂದರು. ಹಾಗಾದರೆ ತೆಗೀರಿ ಎಂದ.

ಆಪರೇಷನ್ನಿಗೆ ಮೊದಲು ನಾನು ಈ ಯಂತ್ರ ಹಿಡಿದು ತೋಟಕ್ಕೆ ಹೋದೆ. ಮಾತೆಲ್ಲ ಹೋಗುವ ಮುಂಚೆ ಬೇಕಾದ ನಾಲ್ಕು ಮಾತನ್ನಾದರೂ ಹಿಡಿದಿಡೋಣ ಎಂಬುದು ನನ್ನ ಆಲೋಚನೆ. ಮಾವ ಯಂತ್ರದ ಮುಂದೆ ಕುಳಿತು ಫೋಟೋ ತೆಗೆಸಿಕೊಳ್ಳುವವನ ಹಾಗೆ ಬಿಗಿದುಕೊಂಡ. ಹಲೋ ಎಂದ. ಯಾರು ಕೇಳುತ್ತಿದ್ದಾರೆ ಎಂದು ನನ್ನನ್ನು ಕೇಳಿದ. ದಿನಾ ಏನೇನು ಆಡುತ್ತೀಯೋ ಅದನ್ನೇ ಆಡು ಎಂದೆ. ದಿನಾ ಏನು ಆಡುತ್ತೇನೆ ಎಂದು ಅವನಿಗೇ ತಿಳಿಯದು. ನಮಗೆ ಯಾರಿಗೆ ತಾನೇ ತಿಳಿದಿದೆ ಹೇಳಿ? ಕೊನೆಗೆ ಅತ್ತೆಯನ್ನು ಕೇಳಿ ಆರಿಸಿದೆವು. ನೀರು ಕೊಡು. ಊಟ ಆಯ್ತಾ. ಯಾರ್ಲಾ ಅದು. ಬತ್ತೀನಿ. ಬ್ಯಾಡ ಬುಡು. ಇವೆಲ್ಲ ಜಗಲಿಯ ಮೇಲೆ ಮುಗಿದವು. ಓಯ್ ಮಾತ್ರ ಜಗಲಿಯಲ್ಲಿ ಸರಿಯಾಗಿ ಬರಲಿಲ್ಲ. ಎದುರಿಗೆ ಇರೋಳ್ನ ಹೆಂಗ್ಲಾ ಕೂಗ್ಲಿ ಎಂದ. ಬದುವಿನ ತನಕ ನಡೆದುಹೋಗಿ, ನೋಯುವ ಗಂಟಲಿನಿಂದ, ಅಲ್ಲಿಂದ ಕೂಗಿದ. ನಾನು ಪಕ್ಕದಲ್ಲಿ ಯಂತ್ರ ಹಿಡಿದು ನಿಂತಿದ್ದೆ. ನನ್ನ ಕಣ್ಣು ಒದ್ದೆಯಾಗಿತ್ತು, ಸುಳ್ಳೇಕೆ ಹೇಳಲಿ.

ಆಮೇಲೆ ಮಾವ ಆ ಯಂತ್ರವನ್ನು ಕತ್ತಿಗೆ ದಾರ ಕಟ್ಟಿ ತೂಗುಹಾಕಿಕೊಂಡ. ಕತ್ತಿನ ತೂತಿನ ಮೇಲೆ ಸದಾ ಒಂದು ಬಿಳಿ ಟವಲ್ಲು, ಅದರ ಕೆಳಗೆ ಯಂತ್ರ. ಅತ್ತೆ ಅದಕ್ಕೆ ಗಂಟ್ಲುಡಬ್ಬಿ ಎಂದು ಹೆಸರಿಟ್ಟಳು. ಡಬ್ಬಿಯ ದನಿ ಬಲು ಸಣ್ಣದು, ಕೋಣೆ ದಾಟುತ್ತಿರಲಿಲ್ಲ. ತಿಪಟೂರಿನ ರೇಡಿಯೋ ರಿಪೇರಿಯವರೊಬ್ಬರು ಹಳೆಯ ಟ್ರಾನ್ಸಿಸ್ಟರಿನ ಸ್ಪೀಕರು ಕಿತ್ತು, ಅದಕ್ಕೆ ಬೇರೆ ಸೆಲ್ಲು ಜೋಡಿಸಿ, ತಂತಿ ಎಳೆದು, ಎಲ್ಲವನ್ನೂ ಕರಿಯ ಟೇಪಿನಿಂದ ಸುತ್ತಿ ಕೊಟ್ಟರು. ಈಗ ಅದು ಹಿತ್ತಲಿನ ತನಕ ಓಯ್ ಎನ್ನುತ್ತಿತ್ತು. ಅದರ ಚೆಲುವನ್ನು ನೀವು ನೋಡಬೇಕಿತ್ತು. ಆ ದಿನಗಳಲ್ಲಿ ಪೇಪರಿನ ತುಂಬ ಬರುತ್ತಿದ್ದ ಬಾಂಬಿನ ಚಿತ್ರಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ನಮಗೆ ಮಾತ್ರ ಅದು ಹೊಳೆಯಲೇ ಇಲ್ಲ. ನಮಗದು ಮಾವನ ಬಾಯಿ.

ಇಷ್ಟರಲ್ಲಿ ಡಾಕ್ಟರು ಒಂದು ಒಳ್ಳೆಯ ಸುದ್ದಿ ಹೇಳಿದರು. ಮುಂಬೈಯಲ್ಲಿ, ಧ್ವನಿಪೆಟ್ಟಿಗೆ ಕಳೆದುಕೊಂಡವರಿಗೆ ಮಾತು ಕಲಿಸುವ ಶಿಬಿರವಿದೆ. ಗಾಳಿ ನುಂಗಿ, ತೇಗಿನ ಹಾಗೆ ಮೇಲಕ್ಕೆ ತಂದು, ಆ ತೇಗನ್ನೇ ಮಾತು ಮಾಡುವುದು. ಎಲ್ಲರಿಗೂ ಬರುವುದಿಲ್ಲ, ಆದರೆ ಇಂಥ ಶಿಬಿರ ಮತ್ತೆ ಯಾವಾಗಲೋ ಹೇಳಲಾಗದು ಎಂದರು. ಹಸಿ ಗಾಯಕ್ಕೆ ರೈಲಿನ ಧೂಳು ಬೇಡವೆಂದು ವಿಮಾನದಲ್ಲಿ ಹೊರಟೆವು. ನಾನೂ ಅದಕ್ಕೆ ಮುಂಚೆ ವಿಮಾನ ಹತ್ತಿದವನಲ್ಲ. ಹತ್ತಿದವನ ಹಾಗೆ ಮಾವನಿಗೆ ದಾರಿಯುದ್ದಕ್ಕೂ ಬುದ್ಧಿ ಹೇಳಿದೆ.

ಅತ್ತೆ, ಕಲಿಸುವ ಮೇಷ್ಟ್ರ ಮುಂದೆ ಬರಿಗೈಯಲ್ಲಿ ನಿಲ್ಲಬಾರದೆಂದು ಉಂಡೆ ಕೊಬ್ಬರಿ ಕಟ್ಟಿಕೊಟ್ಟಿದ್ದಳು. ನಮ್ಮ ಕಡೆ ಕಾಯನ್ನು ಕಿತ್ತ ಕೂಡಲೇ ಒಡೆಯುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತೇವೆ. ಒಳಗಿನ ನೀರು ಬತ್ತಿ, ಕೊಬ್ಬರಿ ಕರಟ ಬಿಟ್ಟು, ಅಲ್ಲಾಡಿಸಿದರೆ ಗಟಗಟ ಎನ್ನುವ ತನಕ ಕಾಯಬೇಕು. ಆಮೇಲೆ ಇಡೀ ಉಂಡೆಯಾಗಿ ಹೊರಗೆ ಬರುತ್ತದೆ. ಅಂಥ ಉಂಡೆಗಳನ್ನು ಅತ್ತೆ ಕೈಚೀಲಕ್ಕೆ ತುಂಬಿದ್ದಳು. ಒಂದು ಹೋಳನ್ನು, ವಿಮಾನದಲ್ಲಿ ಹಸಿದರೆ ಇರಲಿ ಎಂದು, ಡಬ್ಬಿಯ ರೆಕ್ಸಿನ್ ಚೀಲದೊಳಗೇ ತುರುಕಿದ್ದಳು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಡಬ್ಬಿಯನ್ನು ಕತ್ತಿನಿಂದ ತೆಗೆಸಿ ಅದೇ ಕೈಚೀಲಕ್ಕೆ ಹಾಕಿದವನು ನಾನು. ತಪಾಸಣೆಯ ಪರದೆಯ ಮೇಲೆ ಏನು ಕಂಡಿರಬೇಕು, ಯೋಚಿಸಿ: ತಂತಿ, ಸೆಲ್ಲು, ಟೇಪು, ಸುತ್ತ ಗುಂಡು ಗುಂಡಾದ ಗಟ್ಟಿ ಪದಾರ್ಥ.

ಚೀಲಗಳನ್ನು ಸಾಗಿಸುವ ಪಟ್ಟಿ ನಿಂತುಹೋಯಿತು. ನಾಲ್ಕಾರು ಜನ ಪೊಲೀಸರು ಬಂದರು. ಚೀಲ ಯಾರದು ಎಂದು ಒಬ್ಬ ಅಧಿಕಾರಿ ಹಿಂದಿಯಲ್ಲಿ ಮಾವನನ್ನು ಕೇಳಿದ. ಮಾವ ಸುಮ್ಮನೆ ನಿಂತಿದ್ದ. ಅಧಿಕಾರಿ ದನಿ ಏರಿಸಿದ. ನಾನು ಓಡಿಬರುವಷ್ಟರಲ್ಲಿ ಮಾವ ಟವಲ್ಲನ್ನು ಕೊಂಚ ಸರಿಸಿ ಕತ್ತಿನ ತೂತು ತೋರಿಸಿದ. ಆ ಮನುಷ್ಯ ಒಂದು ಹೆಜ್ಜೆ ಹಿಂದೆ ಸರಿದ. ಮುಂದೆ ಅವನು ಆಡಿದ್ದೆಲ್ಲ ಮೆಲುದನಿಯಲ್ಲಿ. ಕೊಬ್ಬರಿಯಲ್ಲಿ ಎಣ್ಣೆಯಿದೆ, ಬೆಂಕಿ ಹಿಡಿಯುತ್ತದೆ, ಬಿಡುವುದಿಲ್ಲ ಎಂದು ತೆಗೆದಿಟ್ಟರು. ತಿಪಟೂರಿನ ಕೊಬ್ಬರಿ ಕಸದ ಬುಟ್ಟಿಗೆ ಬಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಯಂತ್ರವನ್ನು ನಡೆಸಿ ತೋರಿಸಿ ಎಂದರು. ಮಾವ ಗುಂಡಿ ಒತ್ತಿದ.

'ಓಯ್.'

ನೊಣವಿನಕೆರೆಯ ಬದುವಿನ ಮೇಲಿನ ಕೂಗು ಆ ಗಾಜಿನ ಕಟ್ಟಡದೊಳಗೆ ಎದ್ದಿತು. ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ ತಿರುಗಿದರು. ಆಚೆ ತುದಿಯಲ್ಲಿದ್ದ ಪೊಲೀಸನೂ ತನ್ನನ್ನೇ ಕರೆದರೆಂದು ತಿರುಗಿದ. ಯಾರೂ ನಗಲಿಲ್ಲ.

ನಾನು ನನ್ನ ಸಿನಿಮಾ ಹಿಂದಿಯಲ್ಲಿ ಎಲ್ಲವನ್ನೂ ವಿವರಿಸಿದೆ. ಇದು ಇವರ ದನಿ, ಇದರ ಹೊರತು ಇನ್ನೆಲ್ಲೂ ಇಲ್ಲ, ಸೆಲ್ಲು ತೆಗೆದರೆ ಹೋಗಿಬಿಡುತ್ತದೆ. ಅಧಿಕಾರಿ ಕೆಟ್ಟವನಲ್ಲ. ತನ್ನ ಮೇಲಿನವರನ್ನು ಕರೆಸಿದ. ಅವರೂ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಕೈಯಲ್ಲಿ ಮಾಡಿದ ಯಂತ್ರ, ಸೆಲ್ಲುಗಳೊಂದಿಗೆ ಒಳಗೆ ಬಿಡಲು ತಮಗೆ ಅಧಿಕಾರವಿಲ್ಲ, ಎಲ್ಲ ಸೆಲ್ಲೂ ಹೊರಗೆ ತೆಗೆದರೆ ಕೊಂಡುಹೋಗಬಹುದು ಎಂದರು. ದೊಡ್ಡ ಪೆಟ್ಟಿಗೆ ಆಗಲೇ ವಿಮಾನಕ್ಕೆ ಹೋಗಿತ್ತು. ಡಬ್ಬಿಯನ್ನು ನಂಬಿ ಕೊಡಲು ಆ ಊರಿನಲ್ಲಿ ನಮ್ಮವರು ಯಾರೂ ಇರಲಿಲ್ಲ. ಮೈಕಿನಲ್ಲಿ ನಮ್ಮ ವಿಮಾನದ ಹೆಸರು ಹೇಳಿ ಕರೆಯುತ್ತಿದ್ದರು. ವಾಪಸ್ಸು ಹೋದರೆ ಹಳೆಯ ದನಿ ಉಳಿಯುತ್ತದೆ, ಶಿಬಿರ ತಪ್ಪುತ್ತದೆ. ಮುಂದೆ ಹೋದರೆ ಇರುವ ದನಿ ಹೋಗುತ್ತದೆ, ಹೊಸದು ಬರುತ್ತದೆಂಬ ಭರವಸೆ ಯಾರಿಗೂ ಇಲ್ಲ.

'ಬಾ ಮಾವ, ಊರಿಗೇ ಹೋಗಾಣ,' ಎಂದೆ.

ಮಾವ ನನ್ನ ಮುಖ ನೋಡಿದ. ಮೇಜಿನ ಮೇಲಿದ್ದ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡು ಒಂದು ಗುಂಡಿ ಒತ್ತಿದ. ಅದು ಅವನದೇ ದನಿಯಲ್ಲಿ ನನಗೆ ಹೇಳಿತು:

'ಬ್ಯಾಡ ಬುಡು.'

ಆಮೇಲೆ ತಾನೇ ಉಗುರಿನಿಂದ ಟೇಪು ಬಿಡಿಸಿ, ಮುಚ್ಚಳ ಸರಿಸಿ, ಸೆಲ್ಲುಗಳನ್ನು ಒಂದೊಂದಾಗಿ ತೆಗೆದು ಅಧಿಕಾರಿಯ ಕೈಗಿಟ್ಟ. ಆ ಮನುಷ್ಯ ಅವನ್ನು ಜೇಬಿಗೂ ಹಾಕದೆ ಬುಟ್ಟಿಗೂ ಹಾಕದೆ ಅಂಗೈಯಲ್ಲೇ ಹಿಡಿದು ನಿಂತಿದ್ದ. ನಾವು ಒಳಗೆ ಹೋದೆವು. ವಿಮಾನ ಏರುವಾಗ ಕಿಟಕಿಯಲ್ಲಿ ಊರಿಗೆ ಊರೇ ಚಿಕ್ಕದಾಗುತ್ತಿತ್ತು. ಮಾವ ಅದನ್ನು ನೋಡುತ್ತಿದ್ದ. ನಾನು ಖಾಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕಣ್ಣೀರು ಹಾಕಿದೆ.

ಮುಂಬೈಯ ಮೇಷ್ಟ್ರೂ ಕತ್ತಿನಲ್ಲಿ ತೂತಿದ್ದವರೇ. ಅವರು ತಾಳ್ಮೆಯಿಂದ ಹೇಳಿದ ಪಾಠ ಇದು: ತುಟಿ ಮುಚ್ಚಿ ತೆರೆಯುವ, ನಾಲಗೆ ಬಡಿಯುವ ಅಕ್ಷರಗಳೇ ಗಾಳಿಯನ್ನು ಒಳಕ್ಕೆ ತಳ್ಳುತ್ತವೆ. ಪ, ಟ, ಕ ಇವುಗಳಿಂದ ಶುರುಮಾಡಬೇಕು. ಅ, ಆ, ಓ ಎನ್ನುವ ಬಾಯಿ ತೆರೆದು ಹೇಳುವ ಅಕ್ಷರಗಳು ತುಂಬ ಕಷ್ಟ, ಅವುಗಳಿಂದ ಶುರುವಾಗುವ ಮಾತನ್ನು ಸದ್ಯಕ್ಕೆ ಮರೆತುಬಿಡಿ. ಮಾವ ಮಾತು ಕಲಿಯುವ ಮಗುವಿನ ಹಾಗೆ ದಿನವಿಡೀ ಪ ಪ ಎನ್ನುತ್ತಿದ್ದ. ನನಗೆ ಒಳಗೊಳಗೇ ಸಂಕಟ. ಓಯ್ ಎನ್ನುವುದಕ್ಕೆ ಇನ್ನು ಇವನಿಗೆ ದಾರಿಯೇ ಇಲ್ಲವಲ್ಲ ಎಂದು.

ಊರಿಗೆ ಬಂದಾಗ ಅತ್ತೆ ಕೊಟ್ಟಿಗೆಯ ಮುಂದೆ ನಮಗೆ ಬೆನ್ನು ಹಾಕಿ ಹುಲ್ಲು ಉದುರಿಸುತ್ತಿದ್ದಳು. ಮಾವ ಅಂಗಳದ ತುದಿಯಲ್ಲೇ ನಿಂತ. ಬಾಯಿಗೆ ಬೆರಳು ಅಡ್ಡ ಹಿಡಿದು ನನ್ನನ್ನು ಸುಮ್ಮನಿರಿಸಿದ. ಗಾಳಿ ನುಂಗಿದ.

'ಪುಟ್ಟಮ್ಮ.'

ಅಟ್ಟದ ಕಾಯಿಯೊಳಗೆ ಕೊಬ್ಬರಿ ಉರುಳಿದ ಹಾಗಿತ್ತು ಆ ದನಿ. ಅತ್ತೆ ತಿರುಗಲಿಲ್ಲ. ಆ ಮನೆಯಲ್ಲಿ ಆ ಹೆಸರಿಗೆ ಯಾರೂ ತಿರುಗಿದ್ದಿಲ್ಲ. ಮಾವ ಇನ್ನೊಮ್ಮೆ ಕರೆದ. ಈ ಸಲ ತಿರುಗಿ, ನಮ್ಮನ್ನು ನೋಡಿ, ಯಾರನ್ನು ಕರೆದರೆಂದು ತನ್ನ ಹಿಂದೆಯೂ ಒಮ್ಮೆ ನೋಡಿದಳು. ಹಿಂದೆ ಹಸುಗಳಿದ್ದವು, ಅವು ಮೇಯುತ್ತಲೇ ಇದ್ದವು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅವಳು 'ಬಂದೆ' ಎಂದಳು. ಹೇಳಿದಳಷ್ಟೆ, ಬಹಳ ಹೊತ್ತು ನಿಂತಲ್ಲೇ ನಿಂತಿದ್ದಳು.

ಮಾವ ಆಮೇಲೆ ಕೆಲವು ವರ್ಷ ಬದುಕಿದ. ಬೇಕಿರಲಿ ಬೇಡದಿರಲಿ ದಿನವೆಲ್ಲ ಪುಟ್ಟಮ್ಮ ಪುಟ್ಟಮ್ಮ ಎನ್ನುತ್ತಿದ್ದ. ಊರ್ಗೆಲ್ಲ ನನ್ನೆಸ್ರು ಗೊತ್ತಾಗೋಯ್ತು ಎಂದು ಅತ್ತೆ ಹುಸಿಮುನಿಸು ತೋರಿಸುತ್ತಿದ್ದಳು. ಮಾತು ಪಳಗಿದ ಮೇಲೆ ಅ, ಓ ಎಲ್ಲವೂ ಅವನಿಗೆ ಬಂದವು. ಓಯ್ ಎಂದದ್ದನ್ನು ಮಾತ್ರ ನಾನು ಮತ್ತೆ ಕೇಳಲಿಲ್ಲ. ಬರಲಿಲ್ಲವೋ, ಬೇಡವೆಂದುಕೊಂಡನೋ ತಿಳಿಯದು.

ಅತ್ತೆ ಈಗ ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮ ಮನೆಯಲ್ಲೇ ಇದ್ದಾಳೆ. ಮೊನ್ನೆ ನಾನು ಗಡಿಯಾರದಿಂದ ಸೆಲ್ಲು ತೆಗೆದು ಡಬ್ಬಿಗೆ ಹಾಕುತ್ತಿದ್ದಾಗ ಕರಿ ಕನ್ನಡಕ ಹಾಕಿಕೊಂಡು ಬಂದು ಪಕ್ಕದಲ್ಲಿ ಕುಳಿತಳು. ಪರದೆ ಬೆಳಗಿತು. ಇವತ್ತು ತಾರೀಖು ಎಷ್ಟು ಎಂದು ನನ್ನನ್ನೇ ಕೇಳಿತು. ಒಳಗೆ ಏನೂ ಇರಲಿಲ್ಲ. ಇರುವುದಿಲ್ಲವೆಂದು ಗೊತ್ತಿದ್ದೂ ನಾನು ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿದೆ. ಆ ದನಿ ಹೋಯಿತಲ್ಲ ಎಂಬ ನೋವು ಇಷ್ಟು ವರ್ಷ ನನ್ನಲ್ಲಿ ಹಾಗೇ ಉಳಿದಿತ್ತು. ಅದನ್ನು ಅತ್ತೆಗೂ ಹೇಳಿದೆ.

ಅವಳು ಚೀಲವನ್ನು ಮೂಗಿಗೆ ಹಿಡಿದು ಮೂಸಿದಳು. ಅದನ್ನು ನನ್ನ ಕೈಗೆ ಕೊಟ್ಟು ಹೇಳಿದಳು: 'ಹೋಗ್ಲಿ ಬುಡಪ್ಪ. ಅದು ಓಯ್ ಅಂತಿತ್ತು. ಯಾರ್ನ ಕರೀತಿತ್ತೋ ಏನೋ.'

ಒಳಗಿನಿಂದ ಹೆಂಡತಿ ಮತ್ತೆ ರೀ ಎಂದಳು. ಏನೇ ಎನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಯಾಕೋ ನಾಚಿಕೆಯಾಯಿತು, ಈ ವಯಸ್ಸಿನಲ್ಲಿ.

'ಶಾರದಾ,' ಎಂದೆ, 'ಬಂದೆ.'

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.