ಒಂದು ಹನಿಯ ಹಸಿರು ಚುಕ್ಕೆಗಳು

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೋಶ ಪರೀಕ್ಷಿಸುವ ಅವಳ ಕಣ್ಣು ಅಷ್ಟು ಚುರುಕೆಂದು ಎಲ್ಲರೂ ಅವಳನ್ನು ಹದ್ದಿನಕ್ಕ ಎಂದೇ ಕರೆಯುತ್ತಿದ್ದರು. ಅಂದು ದರ್ಜಿಯೊಬ್ಬರ ಕಣ್ಣೊಳಗಿಂದ ತೆಗೆದ ಒಂದೇ ಒಂದು ಹನಿ ಅವಳ ಕೈಗೆ ಬಂದಿತ್ತು. ಕಣ್ಣು ಮಬ್ಬಾದದ್ದು ಬರೀ ಉರಿಯೂತದಿಂದಲೋ, ಕ್ಯಾನ್ಸರಿನಿಂದಲೋ ಎಂಬುದನ್ನು ಆ ಹನಿಯ ಕೋಶಗಳೇ ಹೇಳಬೇಕಿತ್ತು. ಕೋಶಗಳಿಗೆ ಬಣ್ಣ ಹಚ್ಚಿ, ತೊಳೆದು, ಅವು ತಳಕ್ಕಿಳಿಯಲೆಂದು ನಳಿಕೆಯನ್ನು ಗಿರಗಿರನೆ ತಿರುಗಿಸಿದ ಮೇಲೆ ಅದರ ತಳದಲ್ಲಿ ಏನೂ ಕಾಣಲಿಲ್ಲ.

“ಖಾಲಿ ಕಣಕ್ಕಾ, ಚೆಲ್ಲಿಬಿಡ್ಲಾ?” ಎಂದಳು ಹೊಸ ಜೊತೆಗಾತಿ.

“ಮುಟ್ಟಿದ್ರೆ ನೋಡು! ಕೋಶ ಎಲ್ಲಾ ತಳದಲ್ಲೇ ಕೂತಿರ್ತವೆ,” ಎಂದು ಗದರಿದ ಹದ್ದಿನಕ್ಕ ಉಸಿರು ಬಿಗಿಹಿಡಿದು ಮೇಲಿನ ನೀರನ್ನಷ್ಟೇ ಹೀರಿ ತೆಗೆದು, ಉಳಿದದ್ದನ್ನು ಕೋಶಗಳನ್ನು ಬಣ್ಣದಿಂದ ಗುರುತಿಸುವ ಯಂತ್ರಕ್ಕೆ ಕೊಟ್ಟಳು.

ಪರದೆಯ ಮೇಲೆ ಪಟಪಟನೆ ಹಸಿರು ಚುಕ್ಕೆಗಳು ಮೂಡತೊಡಗಿದವು. ಉರಿಯೂತ ಎಬ್ಬಿಸುವ ಟಿ ಕೋಶಗಳು! ಅವಳು ಹೆದರಿದ್ದ, ಕ್ಯಾನ್ಸರ್ ಕೋಶಗಳ ಕೆಂಪು ಗುಂಪಿನ ಸುಳಿವೇ ಇಲ್ಲ. ಕುರ್ಚಿ ಬಿಟ್ಟೆದ್ದು ಡಾಕ್ಟರಿಗೆ ಫೋನ್ ಹಚ್ಚಿದಳು.

“ಸರ್, ಹಸಿರು! ಉರಿಯೂತನೇ ಸರ್!” ಎಂದು ಕೂಗಿದಳು.

“ಕಿವಿ ತೂತಾಯ್ತಮ್ಮಾ,” ಎನ್ನುತ್ತಲೇ ಡಾಕ್ಟರು ನಗುನಗುತ್ತಾ, ಹೊರಗೆ ಕಾಯುತ್ತಿದ್ದ ದರ್ಜಿಯನ್ನು ಒಳಗೆ ಕರೆದರು.