ಕಿಟಕಿ ಪಕ್ಕದ ಮೂಲೆ

ಊರವರ ಮನೆಗಳಿಗೆಲ್ಲ ಪರದೆ ಹೊಲಿದುಕೊಟ್ಟವಳ ಸ್ವಂತ ಮನೆಯಲ್ಲಿ, ನಡುಕೋಣೆಯ ಬಾಗಿಲಿಗೆ ಹಳೆಯ ಬೆಡ್‌ಶೀಟೊಂದು ನೇತಾಡುತ್ತಿತ್ತು. ಯಾರಾದರೂ ಇದನ್ನು ಆಡಿ ತೋರಿಸಿದರೆ ಪರದೆಯಕ್ಕನಿಗೆ ಬೇಸರವೇನೂ ಆಗುತ್ತಿರಲಿಲ್ಲ. "ಮುಚ್ಚಿಡೋಕೆ ನಮ್ಮನೇಲಿ ಏನಿದೆ ಹೇಳಿ" ಎಂದು ನಕ್ಕು ಸುಮ್ಮನಾಗುತ್ತಿದ್ದಳು. ಪರದೆ ಹೊಲಿದು ಹೊಲಿದು ಅವಳಿಗೆ ಆ ಹೆಸರು ಬಂದದ್ದು ಎಷ್ಟು ಹಳೆಯ ಮಾತೆಂದರೆ, ಗಂಡ ಕೂಡ ಒಮ್ಮೊಮ್ಮೆ ಬಾಯಿತಪ್ಪಿ ಅಕ್ಕ ಎಂದು ಕರೆದು ನಾಲಿಗೆ ಕಚ್ಚಿಕೊಂಡದ್ದಿದೆ.

ಅವಳ ಕೆಲಸ ಬಟ್ಟೆ ಅಂಗಡಿಯ ಮಹಡಿಯ ಮೇಲೆ. ಉದ್ದನೆಯ ಮೇಜು, ಹೊಲಿಗೆ ಮಿಷನ್ನುಗಳು, ಗೋಡೆಗೆ ಒರಗಿ ನಿಂತ ಬಟ್ಟೆಯ ಸುರುಳಿಗಳು, ಮಧ್ಯಾಹ್ನದ ಬಿಸಿಲಿಗೆ ಕಾದ ತಗಡಿನ ಮಾಡು. ವರ್ಷವಿಡೀ ಹೇಗೋ ನಡೆಯುತ್ತದೆ. ರಂಜಾನ್ ಬಂತೆಂದರೆ ಮಾತ್ರ ಜನರಿಗೆಲ್ಲ ತಮ್ಮ ತಮ್ಮ ಮನೆಗೆ ಕಿಟಕಿಗಳಿವೆ ಎಂಬುದು ಒಮ್ಮೆಲೇ ನೆನಪಾಗುತ್ತದೆ. ಹಬ್ಬಕ್ಕೆ ಹೊಸ ಪರದೆ ಬೇಕು, ಅದೂ ಹಬ್ಬದ ಮುಂಚಿನ ದಿನವೇ ತೂಗಬೇಕು. ಹಾಗಾಗಿ ತಿಂಗಳ ಅತ್ಯಂತ ಶ್ರೇಷ್ಠ ದಿನಗಳೆಂದು ಎಲ್ಲರೂ ಹೇಳುವ ಆ ಕೊನೆಯ ಹತ್ತು ದಿನಗಳು ಅವಳ ಪಾಲಿಗೆ ಮಿಷನ್ನಿನ ಸದ್ದಿನಲ್ಲೇ ಕಳೆದುಹೋಗುತ್ತಿದ್ದವು. ಉಪವಾಸದಲ್ಲಿ ಹಲ್ಲಿನಿಂದ ದಾರ ಕಡಿದು, ಅಯ್ಯೋ ನುಂಗಿಬಿಟ್ಟೆನೇನೋ ಎಂದು ಹೌಹಾರುವುದು, ಸುರುಳಿಗಳ ಸಂದಿಯಲ್ಲಿ ಚಾಪೆ ಹಾಸಿ ನಮಾಜು ಮುಗಿಸಿ ಓಡುವುದು, ನೆಲಕ್ಕೆ ಹಣೆ ಇಟ್ಟಾಗಲೂ ಯಾರದೋ ಮನೆಯ ಪರದೆಯ ನೆರಿಗೆ ಕಣ್ಣೆದುರು ಬರುವುದು. ಇದಕ್ಕೆಲ್ಲ ದೇವರು ಏನೆನ್ನುತ್ತಾನೋ ಎಂದು ಅವಳಿಗೆ ನಾಚಿಕೆಯಾಗುತ್ತಿತ್ತು.

ಅವಳಿಗೊಂದೇ ಆಸೆಯಿತ್ತು. ಆ ಹತ್ತು ದಿನ ಇತಿಕಾಫ್ ಕೂರಬೇಕು. ಗಂಡಸರಾದರೆ ಮಸೀದಿಯಲ್ಲಿ, ಹೆಂಗಸರಾದರೆ ಮನೆಯಲ್ಲೇ ಒಂದು ಮೂಲೆ ಗೊತ್ತುಮಾಡಿಕೊಂಡು, ದೇವರ ಧ್ಯಾನದಲ್ಲಿ ಇದ್ದುಬಿಡುವುದು. ಬಚ್ಚಲಿಗೆ, ನಮಾಜಿಗೆ ಮುನ್ನ ಕೈಕಾಲು ಮುಖ ತೊಳೆದು ವುಜೂ ಮಾಡಲು ಬಿಟ್ಟರೆ ಆ ಮೂಲೆ ದಾಟುವಂತಿಲ್ಲ. ದಾಟಿದರೆ ಅಲ್ಲಿಗೆ ಮುರಿಯಿತು. ಚಿಕ್ಕವಳಿದ್ದಾಗ ಅವಳ ಅಜ್ಜಿ ಹಾಗೆ ಕೂತಿದ್ದಳು. ಹಬ್ಬದ ಚಂದ್ರ ಕಂಡು ಹೊರಗೆ ಬಂದಾಗ, ದೂರದ ಊರಿಗೆ ಹೋಗಿ ಬಂದವಳ ಹಾಗೆ ಮನೆಯವರನ್ನೆಲ್ಲ ಹೊಸದಾಗಿ ನೋಡಿದ್ದಳು. ಆ ನೋಟವನ್ನು ಪರದೆಯಕ್ಕ ಮರೆತಿರಲಿಲ್ಲ. ಅಜ್ಜಿ ಎಲ್ಲಿಗೆ ಹೋಗಿ ಬಂದಳೋ ಅಲ್ಲಿಗೆ ತಾನೂ ಒಮ್ಮೆ ಹೋಗಿ ಬರಬೇಕೆಂಬ ಹಂಬಲ ವರ್ಷದಿಂದ ವರ್ಷಕ್ಕೆ ಬೆಳೆಯಿತೇ ಹೊರತು ತಗ್ಗಲಿಲ್ಲ.

ಆದರೆ ಕೂರುವುದೆಂದರೆ ಸುಲಭವೇ? ಮಗಳು ಚಿಕ್ಕವಳಿದ್ದಾಗ ಆಗಲಿಲ್ಲ. ಆಮೇಲೆ ತಿಂಗಳ ಮುಟ್ಟು ಸರಿಯಾಗಿ ಆ ಹತ್ತು ದಿನಗಳಲ್ಲೇ ಬಂದು ಕೂರುತ್ತಿತ್ತು. ಇವೆಲ್ಲಕ್ಕಿಂತ ದೊಡ್ಡ ಅಡ್ಡಿ ಎಂದರೆ ಅತ್ತೆ. ಸೊಸೆ ಬಾಯಿ ತೆರೆದಾಗಲೆಲ್ಲ ಅತ್ತೆ, "ನೀನು ಮೂಲೆ ಹಿಡಿದ್ರೆ ಒಲೆ ಮುಂದೆ ಯಾರು, ನಿನ್ನ ದೇವದೂತರಾ?" ಎಂದು ಮುಖಕ್ಕೆ ಹೊಡೆದ ಹಾಗೆ ಕೇಳುತ್ತಿದ್ದರು. ಕೊನೆಗೆ ಅತ್ತೆಯೇ ಲಕ್ವ ಹೊಡೆದು ಮೂಲೆ ಹಿಡಿದರು. ಎಡಗೈ, ಎಡಗಾಲು ಸತ್ತೇಹೋದವು. ಉಣ್ಣಿಸುವುದು, ಒರೆಸುವುದು, ಹೊತ್ತು ಹೊತ್ತಿಗೆ ಹೊರಳಿಸಿ ಮಲಗಿಸುವುದು, ಎಲ್ಲವೂ ಸೊಸೆಯ ತಲೆಗೇ ಬಂತು. ಆಸೆಯನ್ನು ಇನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕುವುದೇ ಸೈ ಎಂದುಕೊಂಡಿದ್ದಳು.

ಹಾಗೆಂದುಕೊಂಡವಳು ಈ ವರ್ಷ, ರಂಜಾನಿಗೆ ಇನ್ನೂ ಬೇಕಾದಷ್ಟು ದಿನ ಇರುವಾಗಲೇ, ಅಂಗಡಿಯ ಯಜಮಾನರ ಮುಂದೆ ಹೋಗಿ ನಿಂತಳು.

"ಈ ಸಲ ಕೊನೇ ಹತ್ತು ದಿನ ನಾನು ಬರಲ್ಲ ಸಾಹೇಬ್ರೇ. ಅಳತೆ ಎಲ್ಲ ಈಗಲೇ ತರಿಸಿಕೊಡಿ, ಅಷ್ಟರೊಳಗೆ ಹೊಲಿದು ಮುಗಿಸ್ತೀನಿ."

"ಜನ ಈಗ್ಲೇ ಅಳತೆ ಕೊಡ್ತಾರಾ ಅಕ್ಕ? ಹಬ್ಬ ಬಾಗಿಲಿಗೆ ಬರೋವರೆಗೂ ಅವರಿಗೆ ಬಿಸಿ ಮುಟ್ಟಲ್ಲ."

"ಕೊಡದೇ ಇದ್ರೆ ನಾನೇ ಹೋಗಿ ತಗೊಂಡು ಬರ್ತೀನಿ."

ತಂದಳು ಕೂಡ. ಟೇಪು ಕೊರಳಿಗೆ ಹಾಕಿಕೊಂಡು ಮನೆ ಮನೆಗೆ ಹೋಗಿ, ಅವರವರ ಸ್ಟೂಲಿನ ಮೇಲೆ ಹತ್ತಿ ನಿಂತು, ಬಣ್ಣ ಆರಿಸಲಾರದೆ ಒದ್ದಾಡುವವರಿಗೆ ತಾನೇ ಆರಿಸಿಕೊಟ್ಟು ಬಂದಳು. ಮನೆಯಲ್ಲಿ ಶುರುವಾದದ್ದು ಇನ್ನೊಂದು ಆಟ. ಬಸ್ ಡಿಪೋದಲ್ಲಿ ಬ್ರೇಕು ನೋಡುವ ಗಂಡ, ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಮಗಳು, ಇಬ್ಬರನ್ನೂ ಒಂದು ರಜೆಯ ದಿನ ಕೂರಿಸಿಕೊಂಡು, "ಇವತ್ತು ನಾನು ಮನೇಲಿಲ್ಲ ಅನ್ಕೊಳ್ಳಿ" ಎಂದು ಕುರ್ಚಿ ಹಾಕಿಕೊಂಡು ಬಾಯಿಗೆ ಬೀಗ ಹಾಕಿಕೊಂಡಳು. ಅವರು ಅಡುಗೆ ಮಾಡಬೇಕು, ಅತ್ತೆಯನ್ನು ನೋಡಬೇಕು, ಇವಳು ಬರಿದೇ ನೋಡುತ್ತಿರಬೇಕು. ಇಡೀ ಬಸ್ಸನ್ನೇ ತಡೆದು ನಿಲ್ಲಿಸುವ ಮನುಷ್ಯನಿಗೆ ಉಕ್ಕುವ ಹಾಲನ್ನು ನಿಲ್ಲಿಸಲಾಗಲಿಲ್ಲ. ಮಗಳು ಉಪ್ಪಿನ ಡಬ್ಬಿಗಾಗಿ ಅಡುಗೆಮನೆ ಬುಡಮೇಲು ಮಾಡಿದಳು. ಪರದೆಯಕ್ಕ ಕುರ್ಚಿಯ ಕೈ ಹಿಡಿದು ಹಲ್ಲು ಕಚ್ಚಿಕೊಂಡು ಕೂತಳು. ಮೂರನೇ ರಜೆಯ ಹೊತ್ತಿಗೆ ಹಾಲು ಉಕ್ಕುವುದು ನಿಂತಿತು. ಗಂಡ ಅಮ್ಮನನ್ನು ಹೊರಳಿಸುವುದನ್ನೂ ಕಲಿತರು. ಮಂಚದ ಮೇಲಿಂದ ಅತ್ತೆ ಎಲ್ಲವನ್ನೂ ನೋಡುತ್ತಿದ್ದರು. ಆಶ್ಚರ್ಯವೆಂದರೆ, ಒಂದು ಮಾತೂ ಆಡಲಿಲ್ಲ.

ಮೂಲೆಗಾಗಿ ಮನೆಯಲ್ಲಿ ಜಾಗವಿದ್ದದ್ದು ಅತ್ತೆ ಮಲಗುವ ಕೋಣೆಯ ಕಿಟಕಿ ಪಕ್ಕ ಮಾತ್ರ. ಅಲ್ಲೇ ಚಾಪೆ, ಕುರ್‌ಆನ್, ಒಂದು ಹೂಜಿ ನೀರು. ಅತ್ತೆಯ ಮಂಚಕ್ಕೂ ತನಗೂ ನಡುವೆ ಮೊಳದಷ್ಟು ಜಾಗ ಬಿಟ್ಟು, ತುಂಡು ಬಟ್ಟೆಗಳನ್ನು ಕೂಡಿಸಿ ಹೊಲಿದ ತೆಳ್ಳನೆಯ ಪರದೆ ಕಟ್ಟಿದಳು. ಇಪ್ಪತ್ತನೆಯ ಉಪವಾಸದ ಸಂಜೆ, ಸೂರ್ಯ ಮುಳುಗುವ ಮುಂಚೆ ಒಳಗೆ ಹೋಗಿ ಕೂತಳು. ಅಷ್ಟು ವರ್ಷ ಕಾದದ್ದು ಕೊನೆಗೂ ಕೈಗೆ ಸಿಕ್ಕಿತ್ತು.

ಮೊದಲೆರಡು ದಿನ ಧ್ಯಾನಕ್ಕಿಂತ ಕಿವಿಯದೇ ಕಾರುಬಾರು. ಒಗ್ಗರಣೆ ಸೀದರೆ ಇವಳಿಗೆ ಮೊದಲು ಗೊತ್ತಾಗುತ್ತಿತ್ತು. "ಉರಿ ಸಣ್ಣ ಮಾಡೇ!" ಎಂದು ಕೂಗಿ, ಆಮೇಲೆ ತನ್ನ ಬಾಯಿಯ ಮೇಲೆ ತಾನೇ ಹೊಡೆದುಕೊಳ್ಳುತ್ತಿದ್ದಳು. ಮೂರನೆಯ ದಿನದಿಂದ ಕೂಗುವುದೂ ಕಿವಿಗೊಡುವುದೂ ಕಡಿಮೆಯಾಯಿತು. ಅವಳು ಮಾಡಿದ ಏರ್ಪಾಡು ಚೆನ್ನಾಗಿಯೇ ನಡೆಯುತ್ತಿತ್ತು. ಓದು ನಿಧಾನವಾಯಿತು, ನಮಾಜಿನಲ್ಲಿ ನೆರಿಗೆಗಳು ಕಾಣುವುದು ನಿಂತಿತು. ಒಂದು ಮುಂಜಾನೆ ಕಿಟಕಿಯಲ್ಲಿ ಬೆಳಕು ಹರಿಯುವುದನ್ನು ನೋಡುತ್ತ ಕಾರಣವಿಲ್ಲದೆ ಕಣ್ಣು ತುಂಬಿ ಬಂತು. ಎಷ್ಟು ಹತ್ತಿರ ಬಂದಿದ್ದೇನೆ, ಇನ್ನೂ ಎಷ್ಟು ದೂರ ಇದೆ ಎಂದು ಅವಳಿಗೆ ಒಟ್ಟಿಗೇ ಅನಿಸಿತು.

ಒಂದೇ ಒಂದು ವಿಷಯ ಮನಸ್ಸನ್ನು ಕೊರೆಯುತ್ತಿತ್ತು. ಅತ್ತೆ ಕರೆಯುತ್ತಿರಲಿಲ್ಲ. ದಿನಕ್ಕೆ ನೂರು ಸಲ "ಎಲ್ಲಿ ಸತ್ತೆ?" ಎಂದು ಗದರುತ್ತಿದ್ದ ಬಾಯಿ ಮುಚ್ಚಿಕೊಂಡಿತ್ತು. ಮಗ ಕೊಟ್ಟದ್ದನ್ನು ತಿನ್ನುತ್ತಿದ್ದರು, ಮೊಮ್ಮಗಳು ಒರೆಸಿದರೆ ಒರೆಸಿಸಿಕೊಳ್ಳುತ್ತಿದ್ದರು. ಪರದೆಯಕ್ಕನಿಗೆ ನಿರಾಳವಾಗಬೇಕಿತ್ತು, ಬದಲಿಗೆ ಆ ಗದರಿಕೆಯ ಒಂದು ಚೂರಾದರೂ ಕೇಳಿದರೆ ಸಾಕು ಅನಿಸತೊಡಗಿತು. ನನ್ನ ಮೇಲೆ ಇಷ್ಟು ಸಿಟ್ಟೇ ಎಂದು ಒಳಗೊಳಗೇ ನೊಂದಳು.

ಗಂಡ, ಮಗಳಲ್ಲಿ ಒಬ್ಬರಾದರೂ ಸದಾ ಮನೆಯಲ್ಲಿರಬೇಕೆಂಬ ಅವಳ ಏರ್ಪಾಡಿನಲ್ಲಿದ್ದ ತೂತು ಕಂಡದ್ದು ಒಂದು ಮಧ್ಯಾಹ್ನ. ಮಗಳು ಕೆಲಸ ಮುಗಿಸಿ ಬಂದು ಚೀಲ ಇಟ್ಟ ಸದ್ದು ಕೇಳಿ, ಗಂಡ ಇಫ್ತಾರಿಗೆ ಹಣ್ಣು ತರಲು ಹಿತ್ತಲ ಬಾಗಿಲಿನಿಂದ ಪೇಟೆಗೆ ಹೊರಟರು. ಮಗಳಿಗೆ ಅಷ್ಟರಲ್ಲಿ ಅಂಗಡಿಯಿಂದ ಫೋನ್ ಬಂತು. ಅಪ್ಪ ಹಿಂದೆ ಇದ್ದಾರಲ್ಲ ಎಂದುಕೊಂಡು ಅವಳೂ ಮುಂಬಾಗಿಲಿನಿಂದ ಹೋದಳು. ಇಬ್ಬರೂ ಒಬ್ಬರನ್ನೊಬ್ಬರು ನಂಬಿದ್ದರು, ಮನೆ ಖಾಲಿಯಾಗಿತ್ತು. ಸ್ವಲ್ಪ ಹೊತ್ತಿಗೆ ಮಂಚ ಕಿರುಗುಟ್ಟಿತು. ಲೋಟ ಉರುಳಿತು. ಆಮೇಲೆ ಕೆಮ್ಮು, ಬಿಡದ ಕೆಮ್ಮು.

"ಏನ್ರೀ! ಏ ಮಗಳೇ!" ಎಂದು ಪರದೆಯಕ್ಕ ಕೂಗಿದಳು. ಯಾರೂ ಓಗೊಡಲಿಲ್ಲ. ಪರದೆ ಸರಿಸಿ ನೋಡಿದರೆ, ಅತ್ತೆ ಸತ್ತ ಎಡಮಗ್ಗುಲಿನ ಮೇಲೆಯೇ ಕುಸಿದು, ಮುಖ ದಿಂಬಿನಲ್ಲಿ ಹೂತು ಒದ್ದಾಡುತ್ತಿದ್ದರು.

"ಬಂದೆ ಅತ್ತೆ, ಬಂದೆ."

"ಬರಬೇಡ!" ಕೆಮ್ಮಿನ ನಡುವೆಯೇ ಹಳೆಯ ಗದರಿಕೆ ಬಂತು.

"ಮನೇಲಿ ಯಾರೂ ಇಲ್ಲ. ಹೊರಳಿಸಿಬಿಟ್ಟು ಬರ್ತೀನಿ, ಒಂದು ನಿಮಿಷ."

"ಬೇಡ ಅಂದ್ನಲ್ಲ. ಇಷ್ಟು ದಿನ ಕೂತಿದ್ದೆಲ್ಲ ಮಣ್ಣುಪಾಲಾಗುತ್ತೆ."

"ಆದ್ರೆ ಆಗ್ಲಿ. ನಂದು ತಾನೇ."

"ನಿಂದೊಂದೇ ಆಗಿದ್ರೆ ನಾನ್ಯಾಕೆ ಬೇಡ ಅಂತಿದ್ದೆ?" ಅತ್ತೆ ಉಸಿರು ಎಳೆದುಕೊಂಡರು. "ನಾನೂ ಕೂತಿದ್ದೀನಿ ಕಣೇ."

ಎದ್ದು ಕೂರಲಾರದ ಹೆಂಗಸು ಆಡಿದ ಮಾತದು. ಪರದೆಯಕ್ಕನ ಕಾಲು ಅಲ್ಲೇ ನಿಂತಿತು. ಆದರೆ ಮಾತಿಗೆ ಅದು ಹೊತ್ತಲ್ಲ. ಮೂಲೆಯಿಂದ ಕೈ ಹೊರಗೆ ಚಾಚಿದರೆ ಇತಿಕಾಫ್ ಮುರಿಯುವುದಿಲ್ಲ ಎಂದು ಅವಳು ಕೇಳಿ ತಿಳಿದಿದ್ದಳು. ಚಾಪೆಯ ಅಂಚಿಗೆ ಮಂಡಿಯೂರಿ, ಎರಡೂ ಕೈ ಚಾಚಿ, ಅತ್ತೆಯ ಅಡಿಯಲ್ಲಿದ್ದ ಹಾಸಿನ ಅಂಚನ್ನು ಮುಷ್ಟಿಯಲ್ಲಿ ಸುತ್ತಿಕೊಂಡಳು.

"ಬಲಗೈಲಿ ಆಚೆ ಕಂಬಿ ಹಿಡ್ಕೊಳ್ಳಿ. ನಾನು ಎತ್ತಿದಾಗ ಎಳ್ಕೊಳ್ಳಿ. ಹೂಂ, ಈಗ!"

ಮೊದಲ ಸಲ ಆಗಲಿಲ್ಲ. ಎರಡನೆಯ ಸಲ ಹಾಸು ಮೇಲೆದ್ದಿತು, ಅತ್ತೆ ನಿಧಾನವಾಗಿ ಹೊರಳಿ ಬೆನ್ನ ಮೇಲೆ ಬಂದರು. ಕೆಮ್ಮು ತಗ್ಗಿತು. ಹೂಜಿಯಿಂದ ನೀರು ಬಗ್ಗಿಸಿ ಲೋಟ ಚಾಚಿದಾಗ, ಅತ್ತೆ ಲೋಟದ ಜೊತೆಗೆ ಸೊಸೆಯ ಬೆರಳುಗಳನ್ನೂ ಹಿಡಿದು ಕುಡಿದರು. ಇಬ್ಬರಿಗೂ ಏದುಸಿರು.

"ನೀವು ಕೂತಿದ್ದೀನಿ ಅಂದ್ರಲ್ಲ" ಎಂದಳು ಸೊಸೆ.

"ವುಜೂ ಮಾಡೋಕಾಗಲ್ಲ, ಉಪವಾಸ ಇಲ್ಲ, ನನ್ನಂಥೋಳಿಗೆ ಎಲ್ಲಿಯ ಇತಿಕಾಫ್? ಗೊತ್ತು ನಂಗೆ. ಅದಕ್ಕೆ ನಿನ್ನ ಬೆನ್ನಿಗೆ ಅಂಟಿಕೊಂಡೆ. ಅವಳದು ಪೂರ್ತಿ ಮಾಡಿಸಪ್ಪ, ಅದರಲ್ಲೊಂದು ಚೂರು ನನ್ನ ಹೆಸರಿಗೂ ಇರಲಿ ಅಂತ ಬೇಡ್ಕೊಂಡೆ. ನೀನು ಓದೋದು ಕೇಳಿಸ್ಲಿ ಅಂತ ಬಾಯಿ ಮುಚ್ಕೊಂಡಿದ್ದೀನಿ. ನೀನೋ, ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಓದ್ತೀಯ."

"ನಿಮಗೆ ನಿದ್ದೆ ಕೆಡುತ್ತೆ ಅಂತ."

"ನಿದ್ದೆ ಮಾಡೋಕೆ ಮುಂದೆ ಬೇಕಾದಷ್ಟಿದೆ."

ಅತ್ತೆ ತಾವಾಗಿಯೇ ಹೇಳಿದರು. ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅವರೂ ಒಂದು ರಂಜಾನಿನಲ್ಲಿ ಇದೇ ಕಿಟಕಿಯ ಪಕ್ಕ ಚಾಪೆ ಹಾಸಿದ್ದರಂತೆ. ಒಂದು ಹೊತ್ತೂ ಕಳೆದಿರಲಿಲ್ಲ, ಅವರ ಅತ್ತೆ ಅಡುಗೆಮನೆಯಿಂದ ಕರೆದರು. ಇವರು ಎದ್ದುಹೋದರು. ಆಮೇಲೆ ಮಕ್ಕಳು, ಬಸಿರು, ಬಾಣಂತನ, ಸಾವು, ಒಂದರ ಹಿಂದೆ ಒಂದು. ಎದ್ದವರು ಮತ್ತೆ ಕೂರಲೇ ಇಲ್ಲ.

"ಹಾಗಿದ್ದೂ ನಾನು ಕೇಳಿದಾಗೆಲ್ಲ ಅಡ್ಡ ಬಂದ್ರಲ್ಲ ಅತ್ತೆ?"

"ಹೊಟ್ಟೆಕಿಚ್ಚು ಕಣೇ. ಮತ್ತೇನು?"

ಇಷ್ಟು ಸೀದಾ ಉತ್ತರಕ್ಕೆ ಪರದೆಯಕ್ಕನಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಪರದೆಯನ್ನು ಅರ್ಧಕ್ಕೆ ಸರಿಸಿ ಕಟ್ಟಿದಳು. ಅಂದಿನಿಂದ ಗಟ್ಟಿಯಾಗಿ ಓದತೊಡಗಿದಳು. ಒಂದೊಂದು ಮಾತಿನ ಹಿಂದೆ ಅತ್ತೆಯ ಸೊಟ್ಟಗಾದ ತುಟಿ ತಡವರಿಸುತ್ತ ಬರುತ್ತಿತ್ತು. ಅವರು ಬಂದು ಸೇರುವವರೆಗೆ ಇವಳು ಮುಂದೆ ಹೋಗುತ್ತಿರಲಿಲ್ಲ. ಗಂಡ, ಮಗಳು ತಮ್ಮ ತಪ್ಪಿಗೆ ಕೆನ್ನೆ ಬಡಿದುಕೊಂಡು, ಒಬ್ಬರಿಗೊಬ್ಬರು ಬಾಯಿಬಿಟ್ಟು ಹೇಳದೆ ಹೊಸ್ತಿಲು ದಾಟದಷ್ಟು ಜಾಗರೂಕರಾದರು. ದಿನಗಳು ಯಾಕೆ ಇಷ್ಟು ಬೇಗ ಓಡುತ್ತಿವೆ ಎಂದು ಪರದೆಯಕ್ಕನಿಗೆ ಸಂಕಟವಾಗುತ್ತಿತ್ತು. ಈ ಸಲ ಚಂದ್ರ ತಡವಾಗಿ ಕಂಡು ತಿಂಗಳು ಮೂವತ್ತು ತುಂಬಲಿ, ಇನ್ನೊಂದು ದಿನ ಸಿಗಲಿ ಎಂದು ಅವಳು ಬೇಡಿದಳು. ಅತ್ತೆಯೂ ಅದನ್ನೇ ಬೇಡುತ್ತಿದ್ದರೆಂಬುದು ಅವಳಿಗೆ ಗೊತ್ತಿರಲಿಲ್ಲ.

ಇಪ್ಪತ್ತೊಂಬತ್ತನೆಯ ಸಂಜೆ ಬೀದಿಯಲ್ಲಿ ಗದ್ದಲವೆದ್ದಿತು. ತಾರಸಿಗಳ ಮೇಲೆಲ್ಲ ಜನ. ಮಗಳು ಓಡುತ್ತ ಬಂದಳು.

"ಅಮ್ಮಾ, ಚಂದ್ರ ಕಾಣಿಸ್ತು! ಎದ್ದು ಬಾ, ನಾಳೆ ಹಬ್ಬ!"

ಪರದೆಯಕ್ಕ ಕದಲಲಿಲ್ಲ. ಮಂಚದಿಂದ ಅತ್ತೆಯ ದನಿ ಬಂತು.

"ಯಾರು ನೋಡಿದ್ದು ಕೇಳೇ. ಸರಿಯಾಗಿ ನೋಡಿದ್ರಾ? ಮೋಡ ಗೀಡ ಇತ್ತೇನೋ."

"ಎಲ್ಲರೂ ನೋಡಿದ್ರು ಅಜ್ಜಿ. ನಾನೇ ನೋಡ್ದೆ, ಕೂದಲೆಳೆಯಷ್ಟು ಸಣ್ಣಕ್ಕಿದೆ" ಎಂದು ಮಗಳು ಮತ್ತೆ ಹೊರಗೆ ಓಡಿದಳು.

ಕೋಣೆಯಲ್ಲಿ ಇಬ್ಬರೇ ಉಳಿದರು. ಹೊರಗೆ ಊರೆಲ್ಲ ಒಬ್ಬರನ್ನೊಬ್ಬರು ಅಪ್ಪಿಕೊಂಡು ಸಂಭ್ರಮಿಸುತ್ತಿರುವಾಗ, ಇಲ್ಲಿ ಇಬ್ಬರು ಹೆಂಗಸರು ಏನನ್ನೋ ಕಳೆದುಕೊಂಡವರ ಹಾಗಿದ್ದರು. ಕೊನೆಗೆ ಪರದೆಯಕ್ಕ ಎದ್ದು, ಅಷ್ಟು ದಿನ ದಾಟದ ಆ ಮೊಳದ ಜಾಗವನ್ನು ದಾಟಿ, ಮಂಚದ ಅಂಚಿಗೆ ಕೂತು ಅತ್ತೆಯ ಬಲಗೈಯನ್ನು ಹಿಡಿದಳು.

"ಒಂದು ದಿನ ಕಮ್ಮಿ ಆಗಿಹೋಯ್ತಲ್ಲೇ" ಎಂದರು ಅತ್ತೆ. ಅವರ ಕಣ್ಣು ಸೂರಿನ ಕಡೆಗಿತ್ತು.

"ಹೂಂ ಅತ್ತೆ."

ಅಡುಗೆಮನೆಯಿಂದ ಗಂಡನ ಕೂಗು ಕೇಳಿಸಿತು. ದೊಡ್ಡ ಪಾತ್ರೆ ಎಲ್ಲಿದೆ, ನಾಳೆಗೆ ಹಾಲೆಷ್ಟು ತರಲಿ, ಬೇಗ ಬಾ ಎಂದು ಒಂದೇ ಉಸಿರಿನಲ್ಲಿ ಕರೆಯುತ್ತಿದ್ದರು.

"ನಿನ್ನನ್ನೇ ಕರೀತಿದ್ದಾನೆ, ಹೋಗು" ಎಂದರು ಅತ್ತೆ. ಸೊಸೆಯ ಕೈಯನ್ನು ಮಾತ್ರ ಬಿಡಲಿಲ್ಲ.